ಐದು ದಿನದಲ್ಲಿ ಹನೋಯ್ ಮತ್ತು ಹಾ ಲಾಂಗ್ ಕೊಲ್ಲಿ: ಬೆಂಗಳೂರಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ವಿಯೆಟ್ನಾಂನ ಉತ್ತರ ಭಾಗಕ್ಕೆ ಹೊರಟ ಬೆಂಗಳೂರಿನವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ. ‘ನಾಲ್ಕೈದು ದಿನ ರಜೆ ಸಿಕ್ಕಿದೆ, ಹನೋಯ್‌ಗೆ ಎಷ್ಟು ಕೊಡಲಿ, ಹಾ ಲಾಂಗ್‌ಗೆ ಎಷ್ಟು ಕೊಡಲಿ?’ ಅರ್ಧ ಅರ್ಧ ಹಂಚಿಬಿಟ್ಟರೆ ಮುಗಿಯಿತು ಅನ್ನಿಸುತ್ತದೆ. ಆದರೆ ಇಲ್ಲಿ ಎಷ್ಟು ದಿನ ಅನ್ನುವುದಕ್ಕಿಂತ ಯಾವ ದಿನ ಅನ್ನುವುದೇ ಮುಖ್ಯ. ಮಳೆ ಬಂದರೆ ಹನೋಯ್‌ನಲ್ಲಿ ಮ್ಯೂಸಿಯಂ ಇದೆ, ಕಾಫಿ ಅಂಗಡಿ ಇದೆ, ಸೂರಿನ ಕೆಳಗೆ ಕಾಲ ಕಳೆಯಬಹುದು. ಹಾ ಲಾಂಗ್‌ನಲ್ಲಿ ಸಮುದ್ರದಲ್ಲಿ ನಿಂತ ಬಂಡೆಗಳ ನಡುವೆ ತಿರುಗುವುದೇ ದೋಣಿಯಲ್ಲಿ; ಗಾಳಿ ಎದ್ದರೆ ಬಂದರಿನವರು ದೋಣಿಯನ್ನೇ ಬಿಡುವುದಿಲ್ಲ. ಹಾಗಾಗಿ ಕೊಲ್ಲಿಯ ರಾತ್ರಿ, ಅಂದರೆ ದೋಣಿಯಲ್ಲಿ ಮಲಗುವ ರಾತ್ರಿ, ಯಾವುದು ಅಂತ ಮೊದಲು ಗೊತ್ತುಮಾಡಬೇಕು. ನಗರವನ್ನು ಅದರ ಸುತ್ತ ಉಳಿದ ಗಂಟೆಗಳಲ್ಲಿ ತುಂಬಿಸಿಕೊಳ್ಳಬಹುದು. ಈ ಬರಹದ ಕ್ರಮವೂ ಅದೇ.

ಮೊದಲು ತಿಂಗಳು

ನಮ್ಮಲ್ಲಿ ಮಳೆ, ಬಿಸಿಲು, ತಣ್ಣಗಿನ ಡಿಸೆಂಬರ್ ಅಂತ ವರ್ಷ ಹೇಗೋ ಸಾಗುತ್ತದೆ. ಅಲ್ಲಿ ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಕೆ, ಜೋರು ಮಳೆ, ಜೊತೆಗೆ ಚಂಡಮಾರುತದ ಕಾಟ. 2024ರ ಸೆಪ್ಟೆಂಬರ್‌ನಲ್ಲಿ ‘ಯಾಗಿ’ ಚಂಡಮಾರುತ ಹಾ ಲಾಂಗ್ ಇರುವ ಕ್ವಾಂಗ್ ನಿನ್ಹ್ ಪ್ರಾಂತ್ಯವನ್ನೇ ನೇರವಾಗಿ ಹೊಡೆಯಿತು. ಲಂಗರು ಹಾಕಿದ್ದ ದೋಣಿಗಳೇ ಮುಳುಗಿದವು. 2025ರ ಜುಲೈನಲ್ಲಿ ಇದ್ದಕ್ಕಿದ್ದಂತೆ ಬಂದ ಬಿರುಗಾಳಿಗೆ ಪ್ರವಾಸಿಗರ ದೋಣಿಯೊಂದು ಮಗುಚಿ 30ಕ್ಕೂ ಹೆಚ್ಚು ಜನ ತೀರಿಕೊಂಡರು. ಹೆದರಿಸಲು ಹೇಳುತ್ತಿಲ್ಲ. ‘ಆಫ್ ಸೀಸನ್, ಅರ್ಧ ರೇಟು’ ಅನ್ನುವ ಜಾಹೀರಾತು ಜುಲೈ-ಆಗಸ್ಟ್‌ನಲ್ಲಿ ಯಾಕೆ ಬರುತ್ತದೆ ಅಂತ ಗೊತ್ತಿರಲಿ.

ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಆಕಾಶ ತಿಳಿಯಾಗಿರುತ್ತದೆ, ಬೆವರೂ ಕಡಿಮೆ. ನನ್ನ ಮಟ್ಟಿಗೆ ನವೆಂಬರ್‌ಗಿಂತ ಒಳ್ಳೆಯ ತಿಂಗಳಿಲ್ಲ. ರಾಜ್ಯೋತ್ಸವದ ರಜೆ ಶುಕ್ರವಾರವೋ ಸೋಮವಾರವೋ ಬಂದ ವರ್ಷ ಅದಕ್ಕೆ ಎರಡು ದಿನ ಸೇರಿಸಿಕೊಂಡರೆ ಸಾಕು. ದಸರಾ ರಜೆ ಸ್ವಲ್ಪ ಬೇಗವಾಯಿತು, ಚಂಡಮಾರುತದ ಬಾಲ ಇನ್ನೂ ಇರುತ್ತದೆ. ಮಕ್ಕಳ ಶಾಲೆಯ ಕಾರಣಕ್ಕೆ ದಸರೆಯಲ್ಲೇ ಹೋಗಬೇಕಾದವರು ಕೊನೆಯಲ್ಲಿರುವ ‘ದೋಣಿ ರದ್ದಾದರೆ’ ಭಾಗವನ್ನು ಮೊದಲೇ ಓದಿಕೊಳ್ಳಿ.

ಕ್ರಿಸ್‌ಮಸ್‌ನಿಂದ ಫೆಬ್ರವರಿವರೆಗೆ ಚಳಿ. ಹನೋಯ್‌ನಲ್ಲಿ ಪಾದರಸ 15 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ‘ಬೆಂಗಳೂರಲ್ಲೂ ಅಷ್ಟೇ ಅಲ್ವಾ’ ಅನ್ನಬೇಡಿ. ನಮಗೆ ಬೆಳಗ್ಗೆ ಹತ್ತಕ್ಕೆ ಬಿಸಿಲು ಬರುತ್ತದೆ, ಅಲ್ಲಿ ದಿನವಿಡೀ ಮೋಡ, ಒದ್ದೆ ಗಾಳಿ, ಜಿನುಗು ಮಳೆ. ಕೊಲ್ಲಿಯ ಮೇಲೆ ಮಂಜು ಕೂತರೆ ನೂರು ಮೀಟರ್ ಆಚೆಯ ಬಂಡೆಯೂ ಕಾಣುವುದಿಲ್ಲ. ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುವ ‘ಟೆಟ್’ ಅವರ ಹೊಸ ವರ್ಷ. ಆ ವಾರ ಹನೋಯ್‌ನ ಅರ್ಧ ಅಂಗಡಿಗಳಿಗೆ ಬೀಗ. ಯುಗಾದಿ ಹೊತ್ತಿಗೆ ಮಂಜು ಸರಿಯತೊಡಗುತ್ತದೆ, ಏಪ್ರಿಲ್ ಚೆನ್ನಾಗಿರುತ್ತದೆ. ಏಪ್ರಿಲ್ 30 ಮತ್ತು ಮೇ 1 ಮಾತ್ರ ಬೇಡ. ಅವು ಅವರ ರಾಷ್ಟ್ರೀಯ ರಜೆಗಳು, ಇಡೀ ಹನೋಯ್ ಕಡಲ ಕಡೆ ಹೊರಟಿರುತ್ತದೆ.

ವಿಮಾನ ಮತ್ತು ವೀಸಾ

ಬೆಂಗಳೂರಿನಿಂದ ಹನೋಯ್‌ಗೆ ನೇರ ವಿಮಾನ 2025ರಲ್ಲಿ ಶುರುವಾಯಿತು. ನಾಲ್ಕೂವರೆ ಗಂಟೆಯ ಆಸುಪಾಸಿನ ಹಾರಾಟ. ನೇರ ವಿಮಾನ ವಾರದ ಎಲ್ಲ ದಿನ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ, ವೇಳಾಪಟ್ಟಿ ನೋಡಿಯೇ ರಜೆ ಬರೆಯಿರಿ. ಇಲ್ಲದಿದ್ದರೆ ಬ್ಯಾಂಕಾಕ್, ಕೌಲಾಲಂಪುರ, ಸಿಂಗಪುರ ಅಥವಾ ಕೋಲ್ಕತ್ತ ಮೂಲಕ ಹೋಗಬೇಕು. ಬ್ಯಾಂಕಾಕ್‌ನಲ್ಲಿ ವಿಮಾನ ನಿಲ್ದಾಣಗಳು ಎರಡು, ಒಂದಕ್ಕೂ ಇನ್ನೊಂದಕ್ಕೂ ದೂರ ಜಾಸ್ತಿ. ಬೇರೆ ಬೇರೆ ಟಿಕೆಟ್ ಮಾಡಿಸುವವರು ಇಳಿಯುವುದೂ ಹತ್ತುವುದೂ ಒಂದೇ ಕಡೆಯೇ ಅಂತ ನೋಡಿಕೊಳ್ಳಿ.

ಭಾರತೀಯರಿಗೆ ಇ-ವೀಸಾ ಬೇಕು. 2023ರ ಆಗಸ್ಟ್ 15ರಿಂದ ಅದು 90 ದಿನಗಳವರೆಗೆ ಸಿಗುತ್ತದೆ. ಒಂದು ಸಲ ಒಳಹೋಗಲು 25 ಡಾಲರ್, ಹಲವು ಸಲಕ್ಕೆ 50. ಸರ್ಕಾರಿ ಜಾಲತಾಣದ ವಿಳಾಸದ ಕೊನೆಯಲ್ಲಿ ವಿಯೆಟ್ನಾಂ ಸರ್ಕಾರದ ಗುರುತು ಇರುತ್ತದೆ. ಅದನ್ನೇ ಹೋಲುವ ಖಾಸಗಿ ತಾಣಗಳು ಹುಡುಕಿದಾಗ ಮೊದಲು ಕಾಣುತ್ತವೆ, ಎರಡು ಮೂರು ಪಟ್ಟು ಹಣ ಕೇಳುತ್ತವೆ. ಮೂರು ಕೆಲಸದ ದಿನ ಅಂತ ಹೇಳಿದರೂ ಎರಡು ಮೂರು ವಾರ ಮುಂಚೆ ಅರ್ಜಿ ಹಾಕುವುದು ವಾಸಿ.

ಅರ್ಜಿಯಲ್ಲಿ ಹೆಸರಿನ ವಿಷಯಕ್ಕೆ ಹೆಚ್ಚು ಗಮನ ಕೊಡಿ. ನಮ್ಮಲ್ಲಿ ಇನಿಷಿಯಲ್, ತಂದೆ ಹೆಸರು, ಊರ ಹೆಸರು ಎಲ್ಲ ಕಲೆತಿರುತ್ತದೆ. ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲುಗಳಲ್ಲಿ ಹೇಗಿದೆಯೋ ಹಾಗೇ, ಅದೇ ಕಾಗುಣಿತದಲ್ಲಿ ತುಂಬಿ. ಒಂದು ಅಕ್ಷರ ಆಚೀಚೆಯಾದರೆ ನಿಮ್ಮನ್ನು ತಡೆಯುವುದು ಹನೋಯ್‌ನಲ್ಲಿ ಅಲ್ಲ, ದೇವನಹಳ್ಳಿಯ ಚೆಕ್-ಇನ್ ಕೌಂಟರಿನಲ್ಲೇ. ಕಟ್ಟಿದ ಹಣವೂ ವಾಪಸ್ ಬರುವುದಿಲ್ಲ. ಪಾಸ್‌ಪೋರ್ಟ್‌ಗೆ ಆರು ತಿಂಗಳು ಬಾಕಿ ಇರಲಿ. ಒಳಹೋಗುವ ಸ್ಥಳ ಅಂತ ಕೇಳಿದ ಕಡೆ ಹನೋಯ್‌ನ ನೊಯ್ ಬಾಯ್ ವಿಮಾನ ನಿಲ್ದಾಣವನ್ನು ಆರಿಸಿ.

ಒಂದು ಹಗಲು, ಒಂದು ರಾತ್ರಿ, ಎರಡು ರಾತ್ರಿ

ಇದೇ ಇಡೀ ಪ್ರವಾಸದ ತಿರುಳು. ಸ್ವಲ್ಪ ವಿವರವಾಗಿ ನೋಡೋಣ.

ಹನೋಯ್‌ನಿಂದ ಹಾ ಲಾಂಗ್‌ಗೆ ಸುಮಾರು 160 ಕಿಲೋಮೀಟರ್. ಮುಂಚೆ ನಾಲ್ಕು ಗಂಟೆ ಹಿಡಿಯುತ್ತಿತ್ತು. ಹೈ ಫೋಂಗ್ ಮೂಲಕ ಎಕ್ಸ್‌ಪ್ರೆಸ್‌ವೇ ಪೂರ್ತಿಯಾದ ಮೇಲೆ, ಅಂದರೆ 2018ರಿಂದ, ಎರಡೂವರೆ ಗಂಟೆಗೆ ಇಳಿದಿದೆ. ‘ಎರಡೂವರೆ ಗಂಟೆ ತಾನೆ, ಬೆಳಗ್ಗೆ ಹೋಗಿ ಸಂಜೆ ಬಂದುಬಿಡೋಣ’ ಅನ್ನುವ ಲೆಕ್ಕ ಹುಟ್ಟಿದ್ದು ಇಲ್ಲೇ.

ಆ ಹಗಲು ಪ್ರವಾಸ ಹೇಗಿರುತ್ತದೆ ನೋಡಿ. ಬೆಳಗ್ಗೆ ಎಂಟಕ್ಕೆ ವ್ಯಾನ್. ನಡುವೆ ಮುತ್ತಿನ ಆಭರಣವನ್ನೋ ಕರಕುಶಲ ವಸ್ತುವನ್ನೋ ಮಾರುವ ದೊಡ್ಡ ಮಳಿಗೆಯಲ್ಲಿ ನಿಲುಗಡೆ. ಬಂದರು ಮುಟ್ಟುವಾಗ ಹನ್ನೊಂದು ದಾಟಿರುತ್ತದೆ. ದೋಣಿ ಹತ್ತಿ ಊಟ, ಒಂದು ಗುಹೆ, ಒಂದು ದ್ವೀಪ, ಅರ್ಧ ಗಂಟೆ ಕಯಾಕ್ (ನಾವೇ ಹುಟ್ಟು ಹಾಕುವ ಪುಟ್ಟ ದೋಣಿ), ಸಂಜೆ ಐದು ಆರಕ್ಕೆ ಮತ್ತೆ ವ್ಯಾನ್. ಎಲ್ಲ ಹಗಲು ದೋಣಿಗಳೂ ಅದೇ ಹೊತ್ತಿಗೆ ಅದೇ ಗುಹೆಯ ಮುಂದೆ ನಿಂತಿರುತ್ತವೆ. ಕೆಟ್ಟದ್ದೇನಲ್ಲ. ಆದರೆ ಹಾ ಲಾಂಗ್‌ನಲ್ಲಿ ನಿಜಕ್ಕೂ ನೋಡಬೇಕಾದದ್ದು ಬೆಳಕು ಬದಲಾಗುವ ಎರಡು ಹೊತ್ತು: ಸಂಜೆ ಐದರಿಂದ ಆರೂವರೆ, ಬೆಳಗ್ಗೆ ಐದೂವರೆಯಿಂದ ಏಳು. ಹಗಲಲ್ಲೇ ಬಂದು ಹೋಗುವವರಿಗೆ ಇವೆರಡೂ ಸರಿಯಾಗಿ ಸಿಗುವುದಿಲ್ಲ.

ಒಂದು ರಾತ್ರಿಯ ಕ್ರೂಸ್, ಅಂದರೆ ದೋಣಿಯಲ್ಲೇ ಮಲಗುವ ಸುತ್ತಾಟ, ಕಾಗದದ ಮೇಲೆ ‘ಎರಡು ದಿನ’, ದೋಣಿಯ ಮೇಲೆ ಸುಮಾರು 23 ಗಂಟೆ. ಹನ್ನೆರಡರ ಹೊತ್ತಿಗೆ ಹತ್ತಿಸಿಕೊಳ್ಳುತ್ತಾರೆ, ಊಟದ ಹೊತ್ತಿಗೆ ಬಂಡೆಗಳ ನಡುವೆ ಇರುತ್ತೀರಿ. ಮಧ್ಯಾಹ್ನ ಕಯಾಕ್ ಅಥವಾ ಬಿದಿರಿನ ದೋಣಿ, ಸಂಜೆ ಡೆಕ್ ಮೇಲೆ, ರಾತ್ರಿ ಊಟ ಆದಮೇಲೆ ದೀಪ ಬಿಟ್ಟು ಸ್ಕ್ವಿಡ್ ಹಿಡಿಯುವ ಆಟ. ಸಿಗುವುದು ಅಪರೂಪ, ನಗು ಮಾತ್ರ ಗ್ಯಾರಂಟಿ. ಬೆಳಗ್ಗೆ ಡೆಕ್ ಮೇಲೆ ತಾಯ್ ಚಿ, ಒಂದು ಗುಹೆ. ಒಂಬತ್ತೂವರೆಗೆ ಕೋಣೆ ಖಾಲಿ ಮಾಡಿಸಿ, ಊಟ ಹಾಕಿ, ಹನ್ನೊಂದರ ಸುಮಾರಿಗೆ ದಡಕ್ಕೆ ತಂದು ಬಿಡುತ್ತಾರೆ. ಮಧ್ಯಾಹ್ನ ಮೂರು, ಮೂರೂವರೆಗೆ ಹನೋಯ್. ನಾಲ್ಕೈದು ದಿನದ ಪ್ರವಾಸಕ್ಕೆ ಇದೇ ಸರಿಯಾದ ಅಳತೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಎರಡು ರಾತ್ರಿ? ಆರು ಏಳು ದಿನ ಇರುವವರಿಗೆ ಸರಿ. ಎರಡನೆಯ ದಿನ ಸಣ್ಣ ದೋಣಿಯಲ್ಲಿ ಜನ ಇಲ್ಲದ ಕಡೆ ಕರೆದೊಯ್ಯುತ್ತಾರೆ, ಈಜಲು, ಸೈಕಲ್ ತುಳಿಯಲು ಹೊತ್ತು ಸಿಗುತ್ತದೆ. ಆದರೆ ಐದು ದಿನದಲ್ಲಿ ಎರಡು ರಾತ್ರಿ ಕೊಟ್ಟರೆ ಹನೋಯ್ ಬರೀ ಹೋಟೆಲ್ ರೂಮ್ ಆಗಿಬಿಡುತ್ತದೆ. ಆ ಊರಿಗೆ ಅದು ಅನ್ಯಾಯ.

ಕೊಲ್ಲಿಯ ರಾತ್ರಿಯನ್ನು ಎಲ್ಲಿ ಕೂರಿಸುವುದು

ಮೊದಲ ದಿನಕ್ಕೂ ಬೇಡ, ಕೊನೆಯ ದಿನಕ್ಕೂ ಬೇಡ. ನಡುವೆ ಇರಲಿ.

ಬೆಳಗ್ಗೆ ಐದಾರಕ್ಕೆ ಇಳಿದು ನೇರ ಹಾ ಲಾಂಗ್‌ಗೆ ಹೋಗೋಣ ಅನ್ನುವವರಿದ್ದಾರೆ. ವಿಮಾನ ಎರಡು ಗಂಟೆ ತಡವಾದರೆ ವ್ಯಾನ್ ಹೋಗಿರುತ್ತದೆ, ದೋಣಿಯೂ ಮಧ್ಯಾಹ್ನಕ್ಕೆ ಹೊರಟಿರುತ್ತದೆ. ದುಡ್ಡು ಹೋಯಿತು. ಕೊನೆಯ ರಾತ್ರಿ ದೋಣಿಯಲ್ಲಿ ಇದ್ದು ಅಂದೇ ಸಂಜೆಯ ವಿಮಾನ ಹಿಡಿಯುವುದು ಕಾಗದದ ಮೇಲೆ ಆಗುವ ಕೆಲಸ. ಎಕ್ಸ್‌ಪ್ರೆಸ್‌ವೇ ಮೇಲೆ ಒಂದು ಅಪಘಾತ, ಬಂದರಿನಲ್ಲಿ ಒಂದು ಗಂಟೆ ಮಂಜು, ಅಷ್ಟಾದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಹವಾಮಾನದಿಂದ ದೋಣಿ ಒಂದು ದಿನ ಮುಂದಕ್ಕೆ ಹೋದರೆ ನಿಮ್ಮ ಕೈಯಲ್ಲಿ ಆ ಒಂದು ದಿನ ಇರಬೇಕು.

ವಾರವನ್ನು ಹೀಗೆ ಜೋಡಿಸಿದರೆ ಹೊಂದುತ್ತದೆ. ಬುಧವಾರ ರಾತ್ರಿ ಬೆಂಗಳೂರು ಬಿಡಿ. ಗುರುವಾರ ಹನೋಯ್. ಶುಕ್ರವಾರ ಬೆಳಗ್ಗೆ ಕೊಲ್ಲಿಗೆ ಹೊರಟು ಶನಿವಾರ ಮಧ್ಯಾಹ್ನ ವಾಪಸ್. ಶನಿವಾರ ಸಂಜೆ ಮತ್ತು ಭಾನುವಾರ ಮತ್ತೆ ಹನೋಯ್. ಸೋಮವಾರ ಬೆಳಗಿನ ಅಥವಾ ಮಧ್ಯಾಹ್ನದ ವಿಮಾನ.

ಯಾಕೆ ಹೀಗೆ? ವಿಯೆಟ್ನಾಂನ ಸ್ವಾತಂತ್ರ್ಯ ನಾಯಕ ಹೋ ಚಿ ಮಿನ್ಹ್ ಅವರ ಸಮಾಧಿ ಸೋಮವಾರ, ಶುಕ್ರವಾರ ಮುಚ್ಚಿರುತ್ತದೆ. ಆ ಎರಡೂ ದಿನ ನೀವು ಊರಲ್ಲಿ ತಿರುಗುತ್ತಿಲ್ಲ, ನಷ್ಟವಿಲ್ಲ. ಹಲವು ಮ್ಯೂಸಿಯಂಗಳಿಗೂ ಸೋಮವಾರ ರಜೆ. ಹೋವಾನ್ ಕಿಯೆಮ್ ಕೆರೆಯ ಸುತ್ತಿನ ರಸ್ತೆಗಳು ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಗಾಡಿಗಳಿಗೆ ಬಂದ್, ನಡೆಯುವವರದ್ದೇ ರಾಜ್ಯ. ದೋಣಿಯಿಂದ ಬಂದ ಶನಿವಾರ ಸಂಜೆ ಅದು ನಿಮಗೆ ಸಿಗುತ್ತದೆ. ಇನ್ನು ಶುಕ್ರವಾರದ ದೋಣಿ ರದ್ದಾದರೆ ಶನಿ–ಭಾನುವಾರಕ್ಕೆ ತಳ್ಳಬಹುದು, ಸೋಮವಾರದ ವಿಮಾನಕ್ಕೆ ತೊಂದರೆಯಿಲ್ಲ. ಆಫೀಸಿಗೆ ಮೂರು ದಿನ ರಜೆ ಸಾಕು.

ವಿಮಾನದ ದಿನಗಳು ಇದಕ್ಕೆ ಹೊಂದದಿದ್ದರೂ ಚಿಂತೆಯಿಲ್ಲ. ಮೊದಲ ರಾತ್ರಿ ನೆಲ, ಎರಡನೆಯ ರಾತ್ರಿ ನೀರು, ಮೂರನೆಯ ರಾತ್ರಿ ಮತ್ತೆ ನೆಲ. ವಾರದ ಯಾವ ದಿನ ಶುರುಮಾಡಿದರೂ ಇಷ್ಟು ಕಾಪಾಡಿಕೊಳ್ಳಿ.

ಹನೋಯ್‌ನಲ್ಲಿ ಎರಡೂ ಸಲಕ್ಕೆ ಒಂದೇ ಹೋಟೆಲ್ ಹಿಡಿಯಿರಿ, ಹಳೆ ಪೇಟೆಯ ಒಳಗೆ ಅಥವಾ ಅಂಚಿನಲ್ಲಿ. ಕ್ರೂಸ್ ವ್ಯಾನ್‌ಗಳು ಬಂದು ಕರೆದೊಯ್ಯುವುದು ಆ ಸುತ್ತಳತೆಯಲ್ಲಿ ಮಾತ್ರ. ದೊಡ್ಡ ಸೂಟ್‌ಕೇಸ್ ಹೋಟೆಲ್‌ನವರ ಬಳಿ ಬಿಟ್ಟು ಬೆನ್ನಿನ ಚೀಲ ಒಂದನ್ನೇ ಒಯ್ಯಿರಿ. ದೋಣಿಯ ಕೋಣೆಯಲ್ಲಿ ಜಾಗ ಕಡಿಮೆ, ಸಣ್ಣ ದೋಣಿಯಿಂದ ದೊಡ್ಡದಕ್ಕೆ ಹತ್ತುವಾಗ ಭಾರದ ಪೆಟ್ಟಿಗೆ ರಗಳೆ. ರೂಮ್ ಬುಕ್ ಮಾಡುವಾಗ ಕಿಟಕಿ ಇದೆಯಾ ಅಂತ ಕೇಳಿ. ಹಳೆ ಪೇಟೆಯ ಮನೆಗಳು ಕಿರಿದು, ಉದ್ದ. ಕಡಿಮೆ ಬೆಲೆಯ ಎಷ್ಟೋ ರೂಮ್‌ಗಳಿಗೆ ಕಿಟಕಿಯೇ ಇರುವುದಿಲ್ಲ.

ಯಾವ ನೀರು

ಯಾಣದ ಬಂಡೆಗಳನ್ನು ನೋಡಿದ್ದೀರಲ್ಲ, ಅಂಥವನ್ನು ಸಾವಿರಗಟ್ಟಲೆ ಸಮುದ್ರದಲ್ಲಿ ನಿಲ್ಲಿಸಿದರೆ ಹಾ ಲಾಂಗ್. ಸುಣ್ಣದಕಲ್ಲನ್ನು ಮಳೆನೀರು ಕೋಟ್ಯಂತರ ವರ್ಷ ಕರಗಿಸಿ ಕಂಬ, ಕಣಿವೆ, ಗುಹೆ ಮಾಡಿತು. ಹಿಮಯುಗ ಮುಗಿದು ಸಮುದ್ರ ಮೇಲೇರಿದಾಗ ಕಣಿವೆಗಳು ಮುಳುಗಿದವು, ಕಂಬಗಳು ದ್ವೀಪಗಳಾದವು. ಯುನೆಸ್ಕೋ ಲೆಕ್ಕದಲ್ಲಿ ಸುಮಾರು 1,600 ದ್ವೀಪಗಳು. ಹೆಚ್ಚಿನವುಗಳಲ್ಲಿ ಜನವಸತಿಯಿಲ್ಲ. 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 2023ರಲ್ಲಿ ಪಕ್ಕದ ಕಾಟ್ ಬಾ ದ್ವೀಪಸಮೂಹವನ್ನೂ ಸೇರಿಸಿದರು. ಇಷ್ಟೆಲ್ಲ ದ್ವೀಪಗಳು ಅಲೆಗೆ ಅಡ್ಡ ನಿಲ್ಲುವುದರಿಂದ ಒಳಗಿನ ನೀರು ಸಾಮಾನ್ಯ ದಿನಗಳಲ್ಲಿ ಕೆರೆಯಷ್ಟೇ ಶಾಂತ. ವಾಂತಿಯ ಭಯ ಇರುವವರಿಗೆ ಮಾತ್ರೆ ಬೇಕಾಗುವುದು ವ್ಯಾನಿನಲ್ಲೇ ಇರಬಹುದು.

ದೋಣಿಗಳು ಹೋಗುವ ಜಾಗ ಮೂರು, ಜಾಹೀರಾತಿನಲ್ಲಿ ಎಲ್ಲವನ್ನೂ ‘ಹಾ ಲಾಂಗ್’ ಅಂದುಬಿಡುತ್ತಾರೆ.

ಮುಖ್ಯ ಹಾ ಲಾಂಗ್: ಸುಂಗ್ ಸೋಟ್ ಗುಹೆ, ಲುವೋನ್ ಗುಹೆ, ಟಿ ಟಾಪ್ ದ್ವೀಪ ಇರುವ ಕಡೆ. ಫೋಟೋಗಳಲ್ಲಿ ಕಾಣುವುದು ಇದೇ, ಜನ ಜಾಸ್ತಿ ಇರುವುದೂ ಇಲ್ಲೇ. ಟಿ ಟಾಪ್‌ನ ಹೆಸರು ಸೋವಿಯತ್ ಗಗನಯಾತ್ರಿ ಗೆರ್ಮನ್ ಟಿಟೋವ್‌ನದು. 1962ರಲ್ಲಿ ಅವನನ್ನು ಹೋ ಚಿ ಮಿನ್ಹ್ ಇಲ್ಲಿಗೆ ಕರೆತಂದಿದ್ದರು. ನಾನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಇಡೀ ಕೊಲ್ಲಿ ಕಾಣುತ್ತದೆ.

ಲಾನ್ ಹಾ: ದಕ್ಷಿಣಕ್ಕೆ, ಕಾಟ್ ಬಾ ದ್ವೀಪದ ಮಗ್ಗುಲಲ್ಲಿ. ದೋಣಿ ಕಡಿಮೆ, ಕಯಾಕ್‌ಗೆ ಮತ್ತು ಈಜಿಗೆ ಇದೇ ಚೆನ್ನ. ಮೊದಲ ಸಲ ಹೋಗುವವರಿಗೂ ನಾನು ಲಾನ್ ಹಾ ಅನ್ನುತ್ತೇನೆ. ಬಂಡೆಗಳು ಅದೇ ಬಂಡೆಗಳು, ಗದ್ದಲ ಇಲ್ಲ, ದೊಡ್ಡ ಗುಹೆಯೊಂದು ತಪ್ಪುತ್ತದೆ ಅಷ್ಟೇ.

ಬಾಯ್ ಟು ಲಾಂಗ್: ಈಶಾನ್ಯಕ್ಕೆ. ಇನ್ನೂ ಶಾಂತ. ವುಂಗ್ ವಿಯೆಂಗ್ ಅನ್ನುವ ತೇಲುವ ಹಳ್ಳಿ ಇಲ್ಲಿದೆ. ಹಾ ಲಾಂಗ್‌ನ ತೇಲುವ ಹಳ್ಳಿಗಳ ಕುಟುಂಬಗಳನ್ನು 2014ರಲ್ಲಿ ಸರ್ಕಾರ ದಡಕ್ಕೆ ಸ್ಥಳಾಂತರಿಸಿತು. ಹಾಗಾಗಿ ‘ನೀರ ಮೇಲೆ ಬದುಕುವ ಊರು’ ಅನ್ನುವ ಹಳೆಯ ವರ್ಣನೆ ನಂಬಿಕೊಂಡು ಹೋಗಬೇಡಿ.

ಅಂದ ಹಾಗೆ, ದಡದಲ್ಲಿ ಹೋನ್ ಗಾಯ್, ಕಾಮ್ ಫಾ ಕಡೆ ಕಲ್ಲಿದ್ದಲ ಗಣಿಗಳಿವೆ. ಬಂಡೆಗಳ ನಡುವೆ ಕಲ್ಲಿದ್ದಲು ಹೊತ್ತ ದೋಣಿ ಹಾದುಹೋದರೆ ಬೇಸರ ಪಡಬೇಡಿ. ಆ ಕೊಲ್ಲಿ ಪ್ರವಾಸಿಗರು ಬರುವುದಕ್ಕೆ ಮುಂಚಿನಿಂದಲೂ ದುಡಿಯುತ್ತಿದೆ.

ದೋಣಿ ಬುಕ್ ಮಾಡುವಾಗ

ದಲ್ಲಾಳಿಯ ಮಾತು ಸಾಲದು. ಮೆಸೇಜ್‌ನಲ್ಲಿ ಬರೆಸಿಕೊಳ್ಳಿ: ದೋಣಿಯ ಹೆಸರು ಏನು, ಯಾವ ಬಂದರಿನಿಂದ ಹೊರಡುತ್ತದೆ, ಯಾವ ಮಾರ್ಗ, ಎಷ್ಟು ಹೊತ್ತಿಗೆ ಹತ್ತಿಸಿ ಎಷ್ಟಕ್ಕೆ ಇಳಿಸುತ್ತಾರೆ. ಟುವಾನ್ ಚಾವ್ ಬಂದರು ಬೇರೆ, ಬಾಯ್ ಚಾಯ್ ಕಡೆಯ ಅಂತರರಾಷ್ಟ್ರೀಯ ಕ್ರೂಸ್ ಬಂದರು ಬೇರೆ. ಒಂದೇ ದೋಣಿಯನ್ನು ನಾಲ್ಕು ಹೆಸರಲ್ಲಿ ನಾಲ್ಕು ಬೆಲೆಗೆ ಮಾರುವುದೂ ಉಂಟು, ಅದಕ್ಕೇ ದೋಣಿಯ ನಿಜವಾದ ಹೆಸರು ಬೇಕು. ಅದನ್ನು ಹಾಕಿ ಇತ್ತೀಚಿನ ಫೋಟೋ ಹುಡುಕಿ. ಕಂದು ಬಣ್ಣದ ಹಾಯಿದೋಣಿಯ ಚಿತ್ರ ತೋರಿಸಿದರೆ ಅದು ಹಳೆಯದಿರಬಹುದು. 2012ರಲ್ಲಿ ಅಲ್ಲಿನ ಆಡಳಿತ ದೋಣಿಗಳಿಗೆಲ್ಲ ಬಿಳಿ ಬಣ್ಣ ಬಳಿಸಿತು.

ಬೆಲೆಯಲ್ಲಿ ವ್ಯಾನ್, ಪ್ರವೇಶ ಶುಲ್ಕ, ಕಯಾಕ್ ಸೇರಿದೆಯಾ ಕೇಳಿ. ಕುಡಿಯುವುದಕ್ಕೆ ಬಹುತೇಕ ಬೇರೆ ಬಿಲ್. ಮಧ್ಯಮ ದರ್ಜೆಯ ಒಂದು ರಾತ್ರಿಗೆ ತಲೆಗೆ 100ರಿಂದ 200 ಡಾಲರ್ ಅಂತ ಇಟ್ಟುಕೊಳ್ಳಿ. ಒಬ್ಬರೇ ಹೋದರೆ ಇಡೀ ಕೋಣೆಯ ಬೆಲೆ ತೆರಬೇಕಾಗಬಹುದು. ತೀರಾ ಅಗ್ಗದ್ದು ಬೇಡ. ಇದು ಸೋಫಾ ಮೆತ್ತಗಿದೆಯೋ ಇಲ್ಲವೋ ಅನ್ನುವ ವಿಷಯವಲ್ಲ. 2011ರಲ್ಲಿ ರಾತ್ರಿ ಲಂಗರು ಹಾಕಿದ್ದ ದೋಣಿಯೊಂದು ಮುಳುಗಿ ಮಲಗಿದ್ದ 12 ಜನ ಸತ್ತರು. ಉಕ್ಕಿನ ಒಡಲಿನ ದೋಣಿ ನೋಡಿ. ಹತ್ತಿದ ಕೂಡಲೇ ಕೋಣೆಯಲ್ಲಿ ಲೈಫ್ ಜಾಕೆಟ್ ಎಲ್ಲಿದೆ ಅಂತ ಹುಡುಕಿ, ಸುರಕ್ಷತೆಯ ಮಾತು ಹೇಳುವಾಗ ಮೊಬೈಲ್ ಕೆಳಗಿಡಿ.

ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಗುಹೆಗಳಿಗೆ ನೂರಾರು ಮೆಟ್ಟಿಲು, ಒಳಗೆ ಜಾರುತ್ತದೆ. ಮಂಡಿ ನೋವಿದ್ದರೆ ‘ನೀವು ದೋಣಿಯಲ್ಲೇ ಇರಿ’ ಅಂತ ಮೊದಲೇ ಮಾತಾಡಿಕೊಳ್ಳಿ. ಡೆಕ್ ಮೇಲೆ ಕೂತು ನೋಡಿದರೂ ಕೊಲ್ಲಿಯ ಮುಕ್ಕಾಲು ಪಾಲು ಸಿಗುತ್ತದೆ. ಕೋಣೆ ಕೆಳ ಅಂತಸ್ತಿನದು ಕೇಳಿ, ಕಡಿದಾದ ಏಣಿ ತಪ್ಪುತ್ತದೆ.

2019ರಿಂದ ಕೊಲ್ಲಿಯಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ ನಿಷೇಧ ಇದೆ. ಸ್ಟೀಲ್ ಬಾಟಲಿ ತೆಗೆದುಕೊಂಡು ಹೋಗಿ.

ಊಟದ ಪ್ರಶ್ನೆ

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ತಯಾರಿ ಮಾಡಿಕೊಳ್ಳಬೇಕು. ಅಲ್ಲಿನ ಅಡುಗೆಯಲ್ಲಿ ಮೀನಿನ ಸಾರದ ಸಾಸ್ ಉಪ್ಪಿನ ಜಾಗದಲ್ಲಿದೆ. ‘ವೆಜಿಟೇರಿಯನ್’ ಅಂದರೆ ತುಂಡು ತೆಗೆದು ಸಾಸ್ ಹಾಗೇ ಬಿಡುತ್ತಾರೆ. ‘ಚಾಯ್’ ಅಂತ ಹೇಳಿ. ಅದು ಬೌದ್ಧರ ಶುದ್ಧ ಸಸ್ಯಾಹಾರ, ಆ ಮಾತು ಎಲ್ಲರಿಗೂ ಅರ್ಥವಾಗುತ್ತದೆ. ಚಾಂದ್ರಮಾನದ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ–ಹುಣ್ಣಿಮೆಯ ಹೊತ್ತಿಗೆ, ಎಷ್ಟೋ ಮಂದಿ ಅಲ್ಲಿ ಚಾಯ್ ಊಟವನ್ನೇ ಮಾಡುತ್ತಾರೆ. ‘ಮೀನಿನ ಸಾಸ್, ಸೀಗಡಿ, ಮೊಟ್ಟೆ ಬೇಡ’ ಅಂತ ವಿಯೆಟ್ನಾಮಿ ಭಾಷೆಯಲ್ಲಿ ಫೋನಿನಲ್ಲಿ ಬರೆದಿಟ್ಟು ತೋರಿಸಿ. ಬಾಯಲ್ಲಿ ಹೇಳಿದರೆ ಸ್ವರ ತಪ್ಪಿ ಬೇರೇನೋ ಆಗುತ್ತದೆ.

ದೋಣಿಗೆ ಬುಕಿಂಗ್ ದಿನವೇ ತಿಳಿಸಬೇಕು, ಹತ್ತಿದ ಮೇಲೆ ಹೇಳಿದರೆ ಅಡುಗೆಯವರ ಕೈಯಲ್ಲಿ ಏನೂ ಇರುವುದಿಲ್ಲ. ಮೊದಲೇ ಹೇಳಿದರೆ ಅನ್ನ, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ಟೊಮೆಟೊ ಗೊಜ್ಜಿನಲ್ಲಿ ತೋಫು, ತರಕಾರಿ ಸ್ಪ್ರಿಂಗ್ ರೋಲ್, ಹಣ್ಣು ಸಿಗುತ್ತದೆ. ಬಿಸಿ ಅನ್ನ ಇದ್ದ ಕಡೆ ಚಟ್ನಿಪುಡಿ ಇದ್ದರೆ ಮುಗಿಯಿತು, ಅದನ್ನು ಮಾತ್ರ ಮರೆಯಬೇಡಿ. ಹನೋಯ್‌ನಲ್ಲಿ ಚಾಯ್ ಹೋಟೆಲ್‌ಗಳೂ ಭಾರತೀಯ ಹೋಟೆಲ್‌ಗಳೂ ಇವೆ, ಅಲ್ಲಿ ಉಪವಾಸ ಬೀಳುವುದಿಲ್ಲ. ಮಾಂಸ ತಿನ್ನುವವರಿಗೆ ಹೇಳುವುದೇ ಬೇಕಿಲ್ಲ, ಫೋ (ಅಕ್ಕಿ ಶಾವಿಗೆಯ ಮಾಂಸದ ಸಾರು) ಮತ್ತು ಬುನ್ ಚಾ (ಸುಟ್ಟ ಹಂದಿಮಾಂಸ, ಶಾವಿಗೆ) ಬೀದಿಬೀದಿಯಲ್ಲಿ ಸಿಗುತ್ತದೆ. ದನ, ಹಂದಿ ಬೇಡದವರು ಕೋಳಿಯ ಫೋ ಕೇಳಿ.

ಹನೋಯ್‌ನ ಗಂಟೆಗಳು

ಗುರುವಾರ ಇಳಿದವರು ಗಡಿಯಾರ ಒಂದೂವರೆ ಗಂಟೆ ಮುಂದಿಡಿ. ನೊಯ್ ಬಾಯ್‌ನಿಂದ ಊರೊಳಕ್ಕೆ 30 ಕಿಲೋಮೀಟರ್‌ನ ಆಸುಪಾಸು. 86ನೇ ನಂಬರಿನ ಬಸ್ ಹಳೆ ಪೇಟೆಯ ಪಕ್ಕಕ್ಕೇ ಹೋಗುತ್ತದೆ, ಟ್ಯಾಕ್ಸಿ ಕರೆಸುವ ಗ್ರ್ಯಾಬ್ ಆ್ಯಪ್ ಕೂಡ ಇದೆ. ನಿದ್ದೆಗೆಟ್ಟಿರುವ ಆ ದಿನ ದೊಡ್ಡ ಕಾರ್ಯಕ್ರಮ ಬೇಡ. ಹೋವಾನ್ ಕಿಯೆಮ್ ಕೆರೆ ಸುತ್ತಿ, ಕೆಂಪು ಸೇತುವೆ ದಾಟಿ ಙೋಕ್ ಸೋನ್ ಗುಡಿ ನೋಡಿ. ಆಮೇಲೆ ಹಳೆ ಪೇಟೆಯಲ್ಲಿ ಸುಮ್ನೆ ನಡೆಯಿರಿ. ಒಂದೊಂದು ಬೀದಿಗೆ ಒಂದೊಂದು ಕಸುಬು: ಹಾಂಗ್ ಗಾಯ್‌ನಲ್ಲಿ ರೇಷ್ಮೆ, ಹಾಂಗ್ ಬಾಕ್‌ನಲ್ಲಿ ಬೆಳ್ಳಿ, ಹಾಂಗ್ ಮಾದಲ್ಲಿ ಕಾಗದದ ಸಾಮಾನು. ಬಳೇಪೇಟೆ, ಅಕ್ಕಿಪೇಟೆಯಲ್ಲಿ ಓಡಾಡಿದವರಿಗೆ ಈ ಏರ್ಪಾಡು ಹೊಸದಲ್ಲ. ಸಂಜೆ ನೀರಿನ ಮೇಲಿನ ಬೊಂಬೆಯಾಟಕ್ಕೆ ಟಿಕೆಟ್ ಮಾಡಿಸಿ, ಮಾತು ತಿಳಿಯದಿದ್ದರೂ ಮಕ್ಕಳು ಕಣ್ಣು ಮಿಟುಕಿಸುವುದಿಲ್ಲ.

ರಸ್ತೆ ದಾಟುವುದು ಹೇಗೆ ಅಂತ ಬೇರೆ ಊರಿನವರಿಗೆ ಪಾಠ ಹೇಳಬೇಕು. ಬೆಂಗಳೂರಿನವರಿಗೆ ಒಂದೇ ಎಚ್ಚರಿಕೆ: ಓಡಬೇಡಿ, ನಡುವೆ ನಿಲ್ಲಲೂ ಬೇಡಿ. ಒಂದೇ ವೇಗದಲ್ಲಿ ನಡೆದರೆ ಸ್ಕೂಟರ್‌ಗಳು ತಾವೇ ಸುತ್ತಿ ಹೋಗುತ್ತವೆ. ಗಾಡಿಗಳು ಬರುವುದು ಎಡಗಡೆಯಿಂದ ಅನ್ನುವುದು ನೆನಪಿರಲಿ, ಅಲ್ಲಿ ಬಲಬದಿಯ ಸಂಚಾರ.

ಭಾನುವಾರ ಬೆಳಗ್ಗೆ ಬೇಗ ಎದ್ದು ಹೋ ಚಿ ಮಿನ್ಹ್ ಸಮಾಧಿಗೆ ಹೋಗಿ. ತೆರೆದಿರುವುದು ಬೆಳಗಿನ ಹೊತ್ತು ಮಾತ್ರ, ಮೊಣಕಾಲು ಹೆಗಲು ಮುಚ್ಚುವ ಬಟ್ಟೆ ಬೇಕು, ಒಳಗೆ ಫೋಟೋ ಇಲ್ಲ. ವರ್ಷದಲ್ಲಿ ಕೆಲವು ವಾರ ದುರಸ್ತಿಗೆ ಮುಚ್ಚುತ್ತಾರೆ, ನೋಡಿಕೊಂಡು ಹೋಗಿ. ಪಕ್ಕದಲ್ಲೇ 1049ರ ಒಂಟಿ ಕಂಬದ ಪಗೋಡ. ಅಲ್ಲಿಂದ ವಿದ್ಯಾದೇಗುಲ. 1070ರಲ್ಲಿ ಕನ್‌ಫ್ಯೂಷಿಯಸ್‌ಗಾಗಿ ಕಟ್ಟಿದ್ದು. ಪರೀಕ್ಷೆ ಪಾಸಾದ ಪಂಡಿತರ ಹೆಸರು ಕೆತ್ತಿದ 82 ಕಲ್ಲುಗಳು ಆಮೆಗಳ ಬೆನ್ನ ಮೇಲೆ ನಿಂತಿವೆ. ನಮ್ಮ ಶಾಸನಗಳ ಮೇಲೆ ಆಸೆ ಇರುವವರು ಇಲ್ಲಿ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಪಶ್ಚಿಮ ಕೆರೆಯ ಟ್ರಾನ್ ಕ್ವೋಕ್ ಪಗೋಡದಲ್ಲಿ ಒಂದು ಬೋಧಿವೃಕ್ಷ ಇದೆ. 1959ರಲ್ಲಿ ಆಗಿನ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಭಾರತದಿಂದ ತಂದುಕೊಟ್ಟ ಸಸಿ ಅದು. ಹೊತ್ತು ಉಳಿದರೆ ಫ್ರೆಂಚರು ಕಟ್ಟಿದ ಹೋವಾ ಲೋ ಜೈಲು. ಮನೆಗಳ ನಡುವೆಯೇ ರೈಲು ಹಾದುಹೋಗುವ ರೈಲು ಬೀದಿ ಅಂತ ರೀಲ್ಸ್‌ನಲ್ಲಿ ನೋಡಿದ್ದನ್ನು ಹುಡುಕಿಕೊಂಡು ಹೋಗುವುದು ನನ್ನ ಪ್ರಕಾರ ದಂಡ, ಪೊಲೀಸರು ಆಗಾಗ ಬೇಲಿ ಹಾಕಿರುತ್ತಾರೆ.

ಕಾಫಿ ಮಾತ್ರ ಬಿಡಬೇಡಿ. ಲೋಟದ ಮೇಲೆ ಪುಟ್ಟ ಲೋಹದ ಫಿಲ್ಟರ್ ಇಟ್ಟು ಹನಿ ಹನಿಯಾಗಿ ಇಳಿಸುತ್ತಾರೆ, ಹೆಚ್ಚಿನದು ರೋಬಸ್ಟಾ, ನಮ್ಮದಕ್ಕಿಂತ ಕಹಿ ಜಾಸ್ತಿ. ಹಾಲಿಗೆ ಬರ ಬಂದಿದ್ದ 1946ರಲ್ಲಿ ಹುಟ್ಟಿದ್ದು ಮೊಟ್ಟೆ ಕಾಫಿ, ಹಳದಿಯನ್ನು ಸಕ್ಕರೆಯೊಂದಿಗೆ ನೊರೆ ಬರುವಂತೆ ಕಡೆದು ಮೇಲೆ ಹಾಕುತ್ತಾರೆ. ಮೊಟ್ಟೆ ಆಗದವರಿಗೆ ತೆಂಗಿನಹಾಲಿನ ಕಾಫಿ ಇದೆ.

ದೋಣಿ ರದ್ದಾದರೆ

ಚಂಡಮಾರುತದ ಸೂಚನೆ ಬಂದರೆ ಬಂದರಿನ ಅಧಿಕಾರಿಗಳು ದೋಣಿ ನಿಲ್ಲಿಸುತ್ತಾರೆ. ಅದು ಹಿಂದಿನ ದಿನವೂ ತಿಳಿಯಬಹುದು, ಅಂದೇ ಬೆಳಗ್ಗೆಯೂ ತಿಳಿಯಬಹುದು. ವಾದ ಮಾಡಿ ಉಪಯೋಗವಿಲ್ಲ, ‘ನಮ್ಮ ದೋಣಿ ಹೋಗುತ್ತೆ ಬನ್ನಿ’ ಅನ್ನುವವರ ಜೊತೆ ಹೋಗಲೂಬೇಡಿ. ಬುಕ್ ಮಾಡುವಾಗಲೇ ಕೇಳಿಟ್ಟುಕೊಳ್ಳಿ: ಹವಾಮಾನದಿಂದ ರದ್ದಾದರೆ ಪೂರ್ತಿ ಹಣ ವಾಪಸ್ಸೋ, ದಿನ ಬದಲಿಸುತ್ತಾರೋ, ರಾತ್ರಿಯ ಬದಲು ಹಗಲು ಸುತ್ತಾಟ ಕೊಟ್ಟು ವ್ಯತ್ಯಾಸ ಹಿಂದಿರುಗಿಸುತ್ತಾರೋ?

ಮೊದಲು ಒಂದು ದಿನ ಮುಂದಕ್ಕೆ ತಳ್ಳಿ ನೋಡಿ. ಅದೂ ಆಗದಿದ್ದರೆ ನಿನ್ಹ್ ಬಿನ್ಹ್ ಇದೆ. ಹನೋಯ್‌ನಿಂದ ದಕ್ಷಿಣಕ್ಕೆ ಎರಡು ಗಂಟೆ. ಅದೇ ಸುಣ್ಣದಕಲ್ಲಿನ ಬೆಟ್ಟಗಳು, ಆದರೆ ಸಮುದ್ರದ ಬದಲು ನದಿ, ಸುತ್ತ ಭತ್ತದ ಗದ್ದೆ. ಟ್ರಾಂಗ್ ಆನ್‌ನಲ್ಲಿ ಹುಟ್ಟು ಹಾಕುವ ಸಣ್ಣ ದೋಣಿಗಳು ಬೆಟ್ಟದ ಹೊಟ್ಟೆಯೊಳಗಿನ ಗುಹೆಗಳ ಮೂಲಕ ಹಾದುಹೋಗುತ್ತವೆ. 2014ರಿಂದ ಇದೂ ವಿಶ್ವ ಪರಂಪರೆಯ ತಾಣ. ಕೊಲ್ಲಿಯಲ್ಲಿ ಗಾಳಿ ಜೋರಾಗಿ ಇಲ್ಲಿ ಬರೀ ಜಿಟಿಜಿಟಿ ಮಳೆ ಇರುವ ದಿನಗಳೂ ಉಂಟು. ಚಂಡಮಾರುತ ನೇರ ಇತ್ತ ಬಂದರೆ ಮಾತ್ರ ಇಲ್ಲೂ ದೋಣಿ ನಿಲ್ಲುತ್ತದೆ. ಆಗ ಹನೋಯ್‌ನ ಮ್ಯೂಸಿಯಂಗಳೇ ಗತಿ.

ದುಡ್ಡು, ಮತ್ತು ವಾಪಸ್

ಅಲ್ಲಿನ ಹಣ ಡಾಂಗ್, ಒಂದು ರೂಪಾಯಿಗೆ ಸುಮಾರು 300. ಸೊನ್ನೆಗಳಿಗೆ ಗಾಬರಿಯಾಗುತ್ತದೆ. ಕೊನೆಯ ಮೂರು ಸೊನ್ನೆ ಮರೆತು ಉಳಿದದ್ದನ್ನು ಮೂರರಿಂದ ಗುಣಿಸಿ, ಸ್ವಲ್ಪ ಮೇಲೆ ಸೇರಿಸಿ: 50,000 ಅಂದರೆ 150 ಚಿಲ್ಲರೆ, ಅಂದರೆ 165ರ ಆಸುಪಾಸು. 20,000ದ ನೋಟು, 5,00,000ದ ನೋಟು ಎರಡೂ ನೀಲಿ. ಕತ್ತಲಲ್ಲಿ ಟ್ಯಾಕ್ಸಿಯವನಿಗೆ ಕೊಡುವಾಗ ಜೋಪಾನ, ದೊಡ್ಡ ನೋಟುಗಳನ್ನು ಬೇರೆ ಜೇಬಿನಲ್ಲಿಡಿ. 2,00,000ದ ನೋಟಿನ ಹಿಂಬದಿಯಲ್ಲಿ ಹಾ ಲಾಂಗ್‌ನ ಬಂಡೆಯೇ ಇದೆ, ದೋಣಿಯವರು ಅದರ ಮುಂದೆ ನಿಲ್ಲಿಸಿ ನೋಟು ಹಿಡಿದು ಫೋಟೋ ತೆಗೆಯಿರಿ ಅನ್ನುತ್ತಾರೆ. ಬೆಂಗಳೂರಿನಿಂದ ಮಡಿಕೆಯಿಲ್ಲದ ಡಾಲರ್ ನೋಟು ಸ್ವಲ್ಪ, ಫಾರೆಕ್ಸ್ ಕಾರ್ಡ್ ಒಂದು ಸಾಕು. ನಮ್ಮ ಯುಪಿಐ ನೆಚ್ಚಿಕೊಂಡು ಹೋಗಬೇಡಿ.

ಬೆಂಗಳೂರಿನ ಏಜೆಂಟ್ ಮೂಲಕ ಪೂರ್ತಿ ಪ್ಯಾಕೇಜ್ ತೆಗೆದುಕೊಂಡರೆ ಬಿಲ್ಲಿನ ಮೇಲೆ ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ) ತೆರಿಗೆ ಸೇರುತ್ತದೆ. ಮೊದಲು ಹೇಳಿದ ಬೆಲೆಯಲ್ಲಿ ಅದು ಇದೆಯಾ ಕೇಳಿ, ರಸೀದಿ ಇಟ್ಟುಕೊಳ್ಳಿ. ಆದಾಯ ತೆರಿಗೆ ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು.

ಸೋಮವಾರ ಹಳೆ ಪೇಟೆಯಿಂದ ನೊಯ್ ಬಾಯ್‌ಗೆ ವಿಮಾನದ ಹೊತ್ತಿಗಿಂತ ನಾಲ್ಕು ಗಂಟೆ ಮುಂಚೆ ಹೊರಡಿ, ಬೆಳಗಿನ ಟ್ರಾಫಿಕ್ ನಮ್ಮ ಹೆಬ್ಬಾಳದ್ದಕ್ಕೆ ಏನೂ ಕಡಿಮೆಯಿಲ್ಲ. ಉಳಿದ ಡಾಂಗ್ ಅಲ್ಲೇ ಬದಲಿಸಿ ಅಥವಾ ಕಾಫಿಪುಡಿ ಕೊಳ್ಳಿ, ಬೆಂಗಳೂರಲ್ಲಿ ಅದನ್ನು ಬದಲಿಸಿಕೊಡುವವರನ್ನು ಹುಡುಕುವುದೇ ಕಷ್ಟ.